ಒಂದು ಹೆರಿಗೆ, ಎರಡು ಕೂಸು

ಫಕೀರವ್ವನ ದೊಡ್ಡ ಮಗನ ಕಣ್ಣಿನ ತಪಾಸಣೆಗೆ ದಿನ ಗೊತ್ತಾದದ್ದು ಒಂದು ಗುರುವಾರ ಬೆಳಿಗ್ಗೆ, ಜೋಳದ ರೊಟ್ಟಿ ಹಂಚಿನ ಮೇಲಿದ್ದಾಗ. ಗೋಡೆಯ ಮೇಲಿನ ಮಾತಾಡುವ ಡಬ್ಬಿ ಎಂದಿನ ಸಂಭಾವಿತ ದನಿಯಲ್ಲಿ ಹೇಳಿತು:

"ಫಕೀರವ್ವನವರೇ, ನಿಮ್ಮ ದೊಡ್ಡ ಮಗನಿಗೆ ನಲವತ್ತೆರಡು ತುಂಬಿದೆ. ಕಣ್ಣಿನ ತಪಾಸಣೆ ಬಾಕಿ ಇದೆ. ಬುಧವಾರ ಹತ್ತು ಗಂಟೆಗೆ ಸಮಯ ಕಾದಿರಿಸಿದ್ದೇನೆ."

"ನಲವತ್ತೊಂದಲೇ, ನಲವತ್ತೊಂದು!" ತಿಪ್ಪಣ್ಣ ಬಚ್ಚಲಿನಿಂದಲೇ ಕೂಗಿದ, ಬಾಯಿ ತುಂಬ ಹಲ್ಲುಪುಡಿ. "ಕಣ್ಣು ಹೋದ ತಿಂಗಳ ತೋರಿಸೇನಿ. ಕಣ್ಣು ಛಲೋ ಅದಾವ, ನಿನ್ನ ಲೆಕ್ಕ ಕೆಟ್ಟೈತಿ."

"ನಿಮ್ಮದಲ್ಲ, ತಿಪ್ಪಣ್ಣನವರೇ. ನೀವು ಎರಡನೆಯವರು."

ರೊಟ್ಟಿ ಸೀದ ವಾಸನೆ ಬಂತು. ತಿಪ್ಪಣ್ಣ ಬಾಯಿ ಮುಕ್ಕಳಿಸದೆ ಹೊರಗೆ ಬಂದು ನೋಡಿದ. ಅವನ ಹೆಂಡತಿ ಅನಸೂಯಾ ಕೈಯಲ್ಲಿ ಹಿಟ್ಟು ಹಿಡಿದು ಅತ್ತೆಯನ್ನೇ ನೋಡುತ್ತಿದ್ದಳು. ಅತ್ತೆ ಡಬ್ಬಿಯನ್ನು ನೋಡುತ್ತಿದ್ದಳು. ಎಪ್ಪತ್ತರ ಫಕೀರವ್ವ ಹಂಚಿನ ಮೇಲಿದ್ದ ರೊಟ್ಟಿಯನ್ನು ಬರಿಗೈಯಿಂದ ಎತ್ತಿ ಹಿಡಿದಿದ್ದಳು. ಸುಡುತ್ತಿದೆ ಎಂಬುದು ಅವಳ ಕೈಗೆ ಇನ್ನೂ ತಿಳಿದಿರಲಿಲ್ಲ.

ತನಗಿಂತ ಮೊದಲು ಒಂದು ಕೂಸು ಹುಟ್ಟಿ ಹೋಗಿತ್ತು ಎಂಬುದನ್ನು ತಿಪ್ಪಣ್ಣನಿಗೆ ಯಾರೂ ಹೇಳಿರಲಿಲ್ಲ. ಅವನಿಗೆ ಅದನ್ನು ಹೇಳಿದ್ದು ಅವನ ಮೂಗು. ಬಲ ಹೊರಳೆಯಲ್ಲಿ ಸಾಸಿವೆಯಷ್ಟು ಒಂದು ಕಲೆ ಇತ್ತು. ಮೊದಲ ಕೂಸು ದಕ್ಕದ ಮನೆಯಲ್ಲಿ ಎರಡನೆಯದು ಗಂಡಾದರೆ ಅದನ್ನು ತಿಪ್ಪೆಯ ಮೇಲೆ ಹೊರಳಿಸಿ, ಮೂಗು ಚುಚ್ಚಿಸಿ, ತಿಪ್ಪ ಎಂದೋ ಕಲ್ಲ ಎಂದೋ ಕಸದಂಥ ಹೆಸರಿಟ್ಟು ಸಾಕುವುದು ಬೆಟಗೇರಿಯ ಓಣಿಗಳ ಹಳೆಯ ರೂಢಿ. ಕಸವನ್ನು ಯಾರು ಒಯ್ಯುತ್ತಾರೆ? ಸಾವು ಕೂಡ ಸ್ವಚ್ಛತೆ ನೋಡಿ ಮನೆಯೊಳಗೆ ಬರುತ್ತದೆ ಎಂಬ ಲೆಕ್ಕ. ಹೋದ ಕೂಸಿನ ಮಾತನ್ನು ಮಾತ್ರ ಯಾರೂ ಎತ್ತುವ ಹಾಗಿಲ್ಲ. ಹೆಸರಿಡುವ ಮೊದಲೇ ಹೋದದ್ದಕ್ಕೆ ಎತ್ತಲು ಹೆಸರಾದರೂ ಎಲ್ಲಿರುತ್ತದೆ?

"ನನ್ನ ದೊಡ್ಡ ಮಗ ಎಲ್ಲೆ ಅದಾನ?" ಫಕೀರವ್ವ ಡಬ್ಬಿಯನ್ನು ಕೇಳಿದಳು.

"ವಿಳಾಸ ದಾಖಲಾಗಿಲ್ಲ. ಬದುಕಿದ್ದಾರೆ."

*

ತಿಪ್ಪಣ್ಣ ಸೈಕಲ್ಲನ್ನು ಎಂದೂ ಅಷ್ಟು ಜೋರಾಗಿ ತುಳಿದಿರಲಿಲ್ಲ. ಹತ್ತಿ ಮಾರುಕಟ್ಟೆಯ ಹಳೆಯ ಗೋದಾಮಿನ ಮಾಳಿಗೆಯಲ್ಲಿ 'ಬಲ್ಲವ'ನ ಜಿಲ್ಲಾ ಕೇಂದ್ರವಿತ್ತು. ಅಲ್ಲಿ ಅವನು ನೌಕರ. ಆಗಿದ್ದು ಯಾರ ತಪ್ಪು ಎಂಬ ಅನುಮಾನ ಅವನಿಗೆ ದಾರಿಯಲ್ಲೇ ಬಂದಿತ್ತು. ಅದಕ್ಕೇ ಅಷ್ಟು ಜೋರು.

ಬಲ್ಲವ ಎಂದರೆ ನಾಡಿನ ಎಲ್ಲ ತಿಳಿವಳಿಕೆಯನ್ನು ಒಂದೇ ಕಟ್ಟಿನಲ್ಲಿ ಇಟ್ಟುಕೊಂಡ ಯಂತ್ರ. ಜನ ಅದನ್ನು ಬಲ್ಲಣ್ಣ ಎಂದು ಕರೆಯುತ್ತಿದ್ದರು; ಮನೆಮನೆಯ ಗೋಡೆಯ ಡಬ್ಬಿ ಅದರ ಬಾಯಿ. ಔಷಧಿ ಅಂಗಡಿ, ಬಸ್ಸಿನ ಬಾಗಿಲು, ಪಿಂಚಣಿ, ಶಾಲೆಯ ಸೀಟು ಎಲ್ಲವೂ ಬಲ್ಲಣ್ಣನನ್ನು ಕೇಳಿಯೇ ತೆರೆದುಕೊಳ್ಳುತ್ತಿದ್ದವು. ಹಿಂದಿನ ಯಂತ್ರಗಳು ಬರೆದದ್ದನ್ನಷ್ಟೇ ನೆನಪಿಟ್ಟುಕೊಳ್ಳುತ್ತಿದ್ದವು. ಇದು ಬರೆದದ್ದರಿಂದ ಬರೆಯದೇ ಇದ್ದದ್ದನ್ನೂ ತಿಳಿದುಕೊಳ್ಳುತ್ತಿತ್ತು.

ಕೇಂದ್ರದ ಮುಖ್ಯಸ್ಥೆ ಹೊಂಬಳ ಮೇಡಂ ಹೊಸಬರಿಗೆ ಅದನ್ನು ಅಡುಗೆಮನೆ ಮುಂದಿಟ್ಟುಕೊಂಡು ಹೇಳಿಕೊಡುತ್ತಿದ್ದರು. ಕಡಲೆ, ಹೆಸರು, ತೊಗರಿ ಅಂತ ಡಬ್ಬಿಗಳ ಮೇಲೆ ಬರೆದದ್ದು ವರ್ಗ. ಡಬ್ಬಿಯೊಳಗಿನ ಒಂದೊಂದು ಕಾಳು ವ್ಯಕ್ತಿ. ಕಾಳಿನ ಬಣ್ಣ, ತೂಕ ಅದರ ಗುಣ. ಈ ಕಾಳು ಯಾರ ಹೊಲದ್ದು, ಯಾರ ಹೊಟ್ಟೆಗೆ ಎಂಬುದು ಸಂಬಂಧ. ಬೇಯಿಸಿದ್ದು ಘಟನೆ. ಒಮ್ಮೆ ಬೆಂದದ್ದು ಮತ್ತೆ ಮೊಳೆಯುವುದಿಲ್ಲ ಎಂಬುದು ನಿಯಮ. ಇಷ್ಟೇ. ಇಷ್ಟನ್ನು ಸರಿಯಾಗಿ ಕೊಟ್ಟರೆ ಜಗತ್ತನ್ನೇ ಜೋಡಿಸಿಡಬಹುದು.

"ಹಂಗಾರ ನಮ್ಮ ಕ್ಯಾಂಟೀನಿನ ಉಪ್ಪಿಟ್ಟು ಯಾವುದ್ರಾಗ ಬರತೈತ್ರೀ ಮೇಡಂ?" ಎಂದು ತಿಪ್ಪಣ್ಣನ ಜೊತೆಗಾರ ನದಾಫ ಕೇಳಿದ್ದ.

"ಅದು ಘಟನೆ ಅಲ್ಲ, ದುರ್ಘಟನೆ," ಎಂದು ಉತ್ತರ ಬಂದಿತ್ತು, ಹೊಂಬಳ ಮೇಡಮ್ಮರದೇ ದನಿಯಲ್ಲಿ, ಅವರದೇ ಮೂಗುಮಾತಿನಲ್ಲಿ. ಮೇಡಂ ಬಾಯಿ ಮಾತ್ರ ಮುಚ್ಚಿತ್ತು. ಅನುಕರಣೆ ತಿಪ್ಪಣ್ಣನ ರಕ್ತದಲ್ಲಿತ್ತು. ಬಲ್ಲಣ್ಣನ ದನಿಯಲ್ಲಿ ಮಾತಾಡಿ ಅವನು ಒಮ್ಮೆ ನದಾಫನನ್ನು ಇಡೀ ಮಧ್ಯಾಹ್ನ 'ಹಾಲು ಕೊಡುವ ಪ್ರಾಣಿ' ವರ್ಗದಲ್ಲಿ ಇಟ್ಟಿದ್ದ.

ಅವನ ಕೆಲಸ ಜಿಲ್ಲೆಯ ರೂಢಿ-ಪದ್ಧತಿಗಳನ್ನು ಬಲ್ಲಣ್ಣನಿಗೆ ತಿಳಿಯುವ ನಿಯಮಗಳಾಗಿ ಬರೆಯುವುದು. ಟಿಪ್ಪಣಿ ಬರೆಯುವ ತಿಪ್ಪಣ್ಣನನ್ನು ನದಾಫ 'ಟಿಪ್ಪಣಿ' ಎಂದೇ ಕರೆಯುತ್ತಿದ್ದ. ಹೋದ ವಾರ ಇಂಥ ಟಿಪ್ಪಣಿಗಳ ನಡುವೆ, ತನ್ನ ಮೂಗಿನ ಕಲೆ ತುರಿಸಿಕೊಳ್ಳುತ್ತ, ಅವನು ಇದನ್ನೂ ಬರೆದಿದ್ದ: *ಮೂಗು ಚುಚ್ಚಿಸಿಕೊಂಡು ಕಸದ ಹೆಸರು ಪಡೆದ ಗಂಡಸಿಗೆ, ಮೊದಲು ಹುಟ್ಟಿದ ಒಬ್ಬ ಒಡಹುಟ್ಟು ಉಂಟು.* ಆ ಒಡಹುಟ್ಟು ಸತ್ತಿರುತ್ತದೆ ಎಂದೂ ಸೇರಿಸಬೇಕಿತ್ತು. ಆದರೆ ಮರಣ ಒಂದು ಘಟನೆ, ಘಟನೆಗೆ ದಿನಾಂಕ ಬೇಕು. ಹೆಸರಿಲ್ಲದ ಕೂಸುಗಳ ದಿನಾಂಕ ಯಾರ ಬಳಿ ಇರುತ್ತದೆ? ಆಮೇಲೆ ನೋಡಿದರಾಯಿತು ಎಂದು ಆ ಜಾಗ ಖಾಲಿ ಬಿಟ್ಟು ಚಾ ಕುಡಿಯಲು ಹೋಗಿದ್ದ.

ಬಲ್ಲಣ್ಣನಿಗೆ ಖಾಲಿ ಎಂಬುದು ತಿಳಿಯದು. ಅವನ ಮೂಲನಿಯಮ ಸರಳ: ಹುಟ್ಟಿದವರೆಲ್ಲ, ಮರಣದ ಘಟನೆ ದಾಖಲಾಗುವ ತನಕ, ಬದುಕಿದ್ದಾರೆ.

"ಬಾರಲೇ ಟಿಪ್ಪಣಿ, ಸೃಷ್ಟಿಕರ್ತ," ಮಾಳಿಗೆ ಹತ್ತುತ್ತಿದ್ದ ಹಾಗೆ ನದಾಫ ಕೈಮುಗಿದ. "ಒಂದ ಚಾದಾಗ ಸಾವಿರದ ನೂರ ಹದಿನಾರು ಮಂದೀನ್ನ ಹುಟ್ಟಿಸಿದಿ. ಲಗ್ನಾಗಿ ಹನ್ನೆರಡು ವರ್ಷಾತು, ನನಗ ಇನ್ನೂ ಒಂದೂ ಆಗಿಲ್ಲ."

ಪರದೆಯ ಮೇಲೆ ಅವರು ಸಾಲಾಗಿದ್ದರು. ಅನಾಮಿಕ-೧, ಅನಾಮಿಕ-೨, ಅನಾಮಿಕ-೩. ಹೆಸರಿಲ್ಲ, ಮುಖವಿಲ್ಲ, ವಿಳಾಸವಿಲ್ಲ. ತಾಯಿ ಇದ್ದಾಳೆ. ತಮ್ಮನಿಗಿಂತ ಒಂದು ವರ್ಷ ಹೆಚ್ಚೆಂದು ಊಹಿಸಿದ ವಯಸ್ಸು ಇದೆ. ಪಟ್ಟಿಯ ಮೊದಲನೆಯವನ ತಾಯಿ ಫಕೀರವ್ವ, ಬೆಟಗೇರಿ.

"ಅಳಿಸಿಬಿಡೋಣ್ರೀ ಮೇಡಂ," ಎಂದ ತಿಪ್ಪಣ್ಣ.

"ಬಲ್ಲವನಲ್ಲಿ ಅಳಿಸೋದು ಅಂತ ಇಲ್ಲ, ನಿಮಗೂ ಗೊತ್ತು. ಸೇರಿಸೋದಷ್ಟೇ." ಹೊಂಬಳ ಮೇಡಂ ಕನ್ನಡಕ ತೆಗೆದು ಒರೆಸಿದರು. "ಸೋಮವಾರ ಹನ್ನೊಂದಕ್ಕೆ ಎಲ್ಲ ಅನಾಮಿಕರಿಗೂ ಒಟ್ಟಿಗೆ ಮರಣದ ಘಟನೆ ಸೇರಿಸಬೇಕು ಅಂತ ಮೇಲಿನಿಂದ ಆದೇಶ ಬಂದಿದೆ. ಅಲ್ಲೀವರೆಗೆ ಅವರು ನಮ್ಮ ಜೊತೆ ಇರ್ತಾರೆ. ಸಹಿಸ್ಕೊಳ್ರಿ."

*

ಸಂಜೆ ಮನೆಯ ಅಂಗಳದಲ್ಲಿ ಸೈಕಲ್ಲು ನಿಲ್ಲಿಸುವಾಗ ಒಳಗಿನಿಂದ ತಾಯಿಯ ದನಿ ಕೇಳಿ ತಿಪ್ಪಣ್ಣ ನಿಂತ. ಅವಳು ಯಾರೊಂದಿಗೋ ಹರಟುತ್ತಿದ್ದಳು. ಫಕೀರವ್ವ ಹರಟುವವಳಲ್ಲ. ಮಗನಿಗೆ ಊಟ, ಔಷಧಿ, ಅರಿವೆ ಯಾವುದಕ್ಕೂ ಎಂದೂ ಕಡಿಮೆ ಮಾಡಿದವಳಲ್ಲ. ಆದರೆ ಕೆಲಸಕ್ಕೆ ಬೇಕಾದಷ್ಟೇ ಮಾತು.

"ಎಷ್ಟು ಎತ್ತರ ಅದಾನ?"

"ತಂದೆ, ತಾಯಿ, ತಮ್ಮನ ಅಳತೆಯಿಂದ ಊಹಿಸಿದರೆ ಐದು ಅಡಿ ಏಳು ಅಂಗುಲ."

"ತಿಪ್ಪಗಿಂತ ಎತ್ತರ."

"ಸ್ವಲ್ಪ."

"ಮಗ್ಗಕ್ಕ ಕೂಡತಾನೇನು?"

"ನಿಮ್ಮ ಮನೆತನದಲ್ಲಿ ಹಿರಿಯ ಮಕ್ಕಳೆಲ್ಲ ಮಗ್ಗಕ್ಕೆ ಕೂತಿದ್ದಾರೆ. ಇವರೂ ನೇಕಾರರೇ ಆಗಿರಬೇಕು."

"ಚಾಕ್ಕ ಸಕ್ರಿ ಹೆಚ್ಚಿಗಿ ಬೇಕೇನು ಅವಗ?"

"ಆ ಗುಣ ದಾಖಲಾಗಿಲ್ಲ. ಸೇರಿಸಲೇ?"

"ಸೇರಿಸು. ಎರಡು ಚಮಚ."

ಬಲ್ಲಣ್ಣ ಸೇರಿಸಿದ. ತಿಪ್ಪಣ್ಣ ಬಾಗಿಲ ಬಳಿ ನಿಂತು ಲೆಕ್ಕ ಹಾಕಿದ. ಬೆಳಿಗ್ಗೆ ಬರೀ ವಯಸ್ಸಿದ್ದವನಿಗೆ ಈಗ ಎತ್ತರವಿತ್ತು, ಕಸುಬಿತ್ತು, ಸಿಹಿಯ ಚಟವಿತ್ತು. ಕಾಳು ಡಬ್ಬಿಯೊಳಗೆ ಊದಿಕೊಳ್ಳುತ್ತಿತ್ತು.

ಊಟದ ಹೊತ್ತಿಗೆ ಅನಸೂಯಾ ಅವನ ಪಕ್ಕ ಬಗ್ಗಿ ಪಿಸುಗುಟ್ಟಿದಳು: "ನಿಮ್ಮವ್ವ ಇನ್ನೊಂದು ಗಂಗಾಳ ಇಟ್ಟಾಳ್ರೀ. ಝುಣಕ ಬಡಿಸ್ಯಾಳ. ನನಗ ಆ ಕಡೆ ನೋಡಾಕ ಧೈರ್ಯ ಆಗವಲ್ದು."

ತಿಪ್ಪಣ್ಣ ನೋಡಿದ. ತನ್ನ ಎದುರಿಗಿದ್ದ ಆ ಗಂಗಾಳದಿಂದ ಹಬೆ ಏಳುತ್ತಿತ್ತು. ಫಕೀರವ್ವ ಅದರ ಮುಂದೆ ಕೂತು, ಮದುವೆಮನೆಯಲ್ಲಿ ಬೀಗರನ್ನು ನೋಡುವ ಹಾಗೆ, ಮುಗುಳ್ನಗುತ್ತಿದ್ದಳು. ಆ ಮುಗುಳ್ನಗೆ ತಿಪ್ಪಣ್ಣನಿಗೆ ಹೊಸದು.

*

ಶುಕ್ರವಾರ ಮಧ್ಯಾಹ್ನ ಬಸ್ಸಿನ ಬಾಗಿಲು ತಿಪ್ಪಣ್ಣನಿಗೆ ತೆರೆದುಕೊಂಡಿತು. ಆದರೆ ಸ್ವಾಗತ ಮಾತ್ರ ವಿಚಿತ್ರವಾಗಿತ್ತು. "ಬನ್ನಿ, ಅನಾಮಿಕ ಅವರೇ."

ಅವನು ಮಾಳಿಗೆಗೆ ಬಂದಾಗ ನದಾಫ ಅವನ ಮುಖ ನೋಡದೆ ಪರದೆ ತೋರಿಸಿದ. ತಿಪ್ಪಣ್ಣ ಎಂಬ ಹೆಸರಿನ ಮುಂದೆ ಏನೂ ಇರಲಿಲ್ಲ. ಇದ್ದದ್ದೆಲ್ಲ ಒಂದು ಸಾಲು ಮೇಲೆ ಸರಿದಿತ್ತು: *ಅನಾಮಿಕ-೧. ತಿಪ್ಪಣ್ಣ ಎಂದೂ ಕರೆಯುತ್ತಾರೆ. ಹೆಂಡತಿ: ಅನಸೂಯಾ. ಕಸುಬು: ನೇಕಾರ, ನೌಕರ. ಚಹಾಕ್ಕೆ ಸಕ್ಕರೆ: ಎರಡು ಚಮಚ.*

"ನಿನ್ನಿ ಹಳೇ ನರ್ಸಮ್ಮನ ದಾಖಲಿ ಪುಸ್ತಕ ಓದ್ಯಾನ ಬಲ್ಲಣ್ಣ," ನದಾಫ ಹೇಳಿದ. ಅವನ ದನಿಯಲ್ಲಿ ಎಂದಿನ ಕೀಟಲೆ ಇರಲಿಲ್ಲ. "ಅದ್ರಾಗ ನಿಮ್ಮವ್ವನ ಹೆಸರಿನ ಮುಂದ ಒಂದ ಹೆರಿಗಿ ಐತಿ. ಗಂಡು. ಮುಂದ ಮತ್ತೊಂದಿಲ್ಲ. ಮಕ್ಕಳು ನೋಡಿದ್ರ ಇಬ್ಬರು. ಒಂದು ಹೆರಿಗಿಗೆ ಒಂದ ಕೂಸು ಅಂತ ನಿಯಮ. ಹಂಗಾರ ಈ ಇಬ್ಬರೂ ಒಬ್ಬನ ಅಂತ ತಿಳಕೊಂಡಾನ."

"ನಾನು ಮನ್ಯಾಗ ಹುಟ್ಟಿದಾಂವ. ಯಾರೂ ಬರೆದಿರಲಿಕ್ಕಿಲ್ಲ. ನನ್ನ ಹುಟ್ಟಿದ ದಿನಾನ ಹೆಡ್‌ಮಾಸ್ತರರು ಹುಟ್ಟಿಸಿದ್ದು, ಜೂನ್ ಒಂದು."

"ಅದನ್ನ ನನಗ ಹೇಳಿ ಏನು ಮಾಡ್ತಿ?"

ಹೊಂಬಳ ಮೇಡಂ ಬಾಗಿಲು ಮುಚ್ಚಿ ಅವನನ್ನು ಕೂರಿಸಿದರು. ಹೀಗೆ ಬೆಸೆದುಕೊಂಡವರು ಜಿಲ್ಲೆಯಲ್ಲಿ ಮೂವತ್ತೇಳು ಜನ. ಸೋಮವಾರ ಹನ್ನೊಂದಕ್ಕೆ ಅನಾಮಿಕರಿಗೆ ಸಾವು ಸೇರಿದರೆ ಇವರಿಗೂ ಸೇರುತ್ತದೆ. ಬಸ್ಸು, ಔಷಧಿ, ಸಂಬಳ ಎಲ್ಲ ಬಂದ್. ಹೆಂಡತಿ ವಿಧವೆ. ತಿದ್ದುವ ದಾರಿಯೂ ಇಲ್ಲ. ಸತ್ತವರು ತಿರುಗಿ ಬರುವುದಿಲ್ಲ ಎಂಬುದು ಬಲ್ಲವನ ಮೊಟ್ಟಮೊದಲ ನಿಯಮ, ಅದನ್ನು ಸಡಿಲಿಸಿದರೆ ಇಡೀ ಕಟ್ಟೇ ಬಿಚ್ಚಿಹೋಗುತ್ತದೆ.

"ಒಂದೇ ದಾರಿ. ಹೆತ್ತ ತಾಯಿ ಡಬ್ಬಿ ಮುಂದೆ ಕೂತು ಸಾಕ್ಷಿ ಹೇಳಬೇಕು. ಇವರಿಬ್ಬರು ಬೇರೆ ಬೇರೆ, ಮೊದಲನೆಯವನು ಇಂಥ ದಿನ ಸತ್ತ ಅಂತ. ಮೂವತ್ತಾರು ಮನೆಯವರು ಒಪ್ಪಿದ್ದಾರೆ. ಹನ್ನೊಂದರೊಳಗೆ ನಿಮ್ಮ ತಾಯಿದೂ ಬಂದರೆ ಆಯ್ತು. ಒಂದು ಮಾತು, ತಿಪ್ಪಣ್ಣ."

ಆ ಒಂದು ಮಾತನ್ನು ತಿಪ್ಪಣ್ಣ ಮನೆಗೆ ಬಂದು ಕೇಳಿದ. ಫಕೀರವ್ವ ಸೇರು ಅಕ್ಕಿ ಹಸನು ಮಾಡುತ್ತಿದ್ದಳು.

"ಸತ್ತಾನಂತ ನಾ ಯಾಕ ಹೇಳಲಿ? ಬಲ್ಲಣ್ಣ ಅದಾನಂತಾನ."

"ಬಲ್ಲಣ್ಣಗ ಹೇಳಿಕೊಟ್ಟಾಂವ ನಾನ ಯವ್ವಾ! ಅದು ನನ್ನ ತಪ್ಪು."

"ಮತ್ತ ಈಗ ಬಂದು ಸಾಯಸು ಅಂತಿ?" ಅವಳು ಮೊರದಿಂದ ಕಣ್ಣೆತ್ತಲಿಲ್ಲ. "ಒಂದು ಸಲ ಸಾಯಿಸಿದ್ರು. ನನ್ನ ಕೇಳಲಿಲ್ಲ. ಈ ಸಲ ಕೇಳಾಕತ್ತಾರ. ಆಗೂದಿಲ್ಲ ಅಂತ ಹೇಳು."

ಅನಸೂಯಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ನಾನು ಯಾರ ಹೆಣ್ತಿ ಅಂತ ಮೊದಲ ತೀರ್ಮಾನ ಮಾಡ್ರಿ ಇಬ್ಬರೂ ಕೂಡಿ. ನಮ್ಮಪ್ಪ ನನ್ನ ಒಬ್ಬಗ ಕೊಟ್ಟಾನ. ಕಣ್ಣಿಗೆ ಕಾಣದ ಭಾವಗ ರೊಟ್ಟಿ ಬಡಿಯೂದು ನನ್ನಿಂದ ಆಗೂದಿಲ್ಲ."

ಯಾರೂ ನಗಲಿಲ್ಲ. ಅವಳೂ ನಗಲಿಲ್ಲ.

*

ಶನಿವಾರ ತಿಪ್ಪಣ್ಣ ತನಗೆ ಬರುವ ಒಂದೇ ವಿದ್ಯೆಯನ್ನು ಬಳಸಿದ. ಡಬ್ಬಿಗಳ ದುರಸ್ತಿಗೆಂದು ಕೇಂದ್ರದಲ್ಲಿ ಒಂದು ತಂತಿ ಇತ್ತು. ಅದರಲ್ಲಿ ಮಾತಾಡಿದರೆ ಯಾವ ಮನೆಯ ಡಬ್ಬಿಯಿಂದ ಬೇಕಾದರೂ ದನಿ ಬರುತ್ತದೆ. ನದಾಫನನ್ನು ಹೊರಗೆ ಕಳಿಸಿ ಅವನು ಗಂಟಲು ಸರಿಮಾಡಿಕೊಂಡ. ಬಲ್ಲಣ್ಣನ ದನಿ ಅವನಿಗೆ ನೀರು ಕುಡಿದಷ್ಟು ಸುಲಭ.

"ಒಂದು ದುಃಖದ ಸುದ್ದಿ. ನಿಮ್ಮ ದೊಡ್ಡ ಮಗ ಒಂಬತ್ತು ದಿನದ ಕೂಸಾಗಿದ್ದಾಗಲೇ ತೀರಿಕೊಂಡಿದ್ದರು. ಈಗ ತಿಳಿದುಬಂತು. ಅವರು ನೋವಿಲ್ಲದೆ ಹೋದರು. ಅವರನ್ನು ಕಳಿಸಿಕೊಡಿ, ಯವ್ವಾ."

 ತಂತಿಯ ಆ ತುದಿಯಿಂದ ಅವಳ ದನಿ ಬಂತು, ಸಿಟ್ಟಿಲ್ಲದ್ದು, ದಣಿದದ್ದು.

"ಲೇ ತಿಪ್ಪ. ಬಲ್ಲಣ್ಣ ನನಗ ಯವ್ವಾ ಅನ್ನೂದಿಲ್ಲ." ಆಮೇಲೆ ಕೇಳಿದಳು: "ಒಂಬತ್ತು ದಿನ ಅಂತ ನಿನಗ ಯಾರು ಹೇಳಿದ್ರು?"

ತಿಪ್ಪಣ್ಣ ತಂತಿ ಕೆಳಗಿಟ್ಟ.  ಯಾರೂ ಹೇಳಿರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ. ಆ ಅಂಕಿ ಅವನ ಬಾಯಿಗೆ ತಾನಾಗಿ ಬಂದಿತ್ತು.

*

ಭಾನುವಾರ ಮಧ್ಯಾಹ್ನ ಅವಳೇ ಕರೆದಳು. ಪಡಸಾಲೆಯ ಹಳೆಯ ಕುಣಿಮಗ್ಗದಲ್ಲಿ ನೇಯ್ದು ಎಷ್ಟೋ ವರ್ಷಗಳಾಗಿದ್ದವು. ಫಕೀರವ್ವ ಮಾತ್ರ ಅದರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವುದನ್ನು ಬಿಟ್ಟಿರಲಿಲ್ಲ. ತಿಪ್ಪಣ್ಣ ಮೂರು ಮಾರು ದೂರದಲ್ಲಿ ಗೋಡೆಗೆ ಒರಗಿದ. ಅವರಿಬ್ಬರ ನಡುವೆ ಯಾವಾಗಲೂ ಅಷ್ಟೇ ದೂರ ಇರುತ್ತಿತ್ತು.

"ಎಂಟು ದಿನ ಛಲೋ ಇತ್ತು ಕೂಸು. ಒಂಬತ್ತನೇ ದಿನ ಜ್ವರ ಬಂತು, ಮೈ ಸೆಟೀತು, ಉಸಿರು ನಿಂತು ಹೋತು. ಹದಿಮೂರಕ್ಕ ತೊಟ್ಟಿಲದಾಗ ಹಾಕಬೇಕಂತ ಇತ್ತು. ನಿಮ್ಮಪ್ಪ, ಅವರಣ್ಣ ಕೂಡಿ ಒಂದು ತುಂಡು ಅರಿವ್ಯಾಗ ಸುತ್ತಿಕೊಂಡು ಮಣ್ಣಿಗೆ ಒಯ್ದರು. ಮನ್ಯಾಗ ಎಲ್ಲಾರೂ ತಲಿ ಮ್ಯಾಲೆ ನೀರು ಹಾಕ್ಕೊಂಡ್ರು."

"ಹೂಂ."

"ಸಂಜಿಮುಂದ ಹೊಳ್ಳಿ ಬಂದ್ರು. ನಿಮ್ಮಪ್ಪನ ಕೈಯಾಗ ಕೂಸಿತ್ತು."

ತಿಪ್ಪಣ್ಣ ಗೋಡೆಯಿಂದ ಬೆನ್ನು ಎತ್ತಿದ.

"ಮಣ್ಣು ಎಳಿಯೂಮುಂದ ಅತ್ತಿತ್ತಂತ. ನಿಮ್ಮ ಅಜ್ಜಿ ಹೊಸ್ತಿಲಕ್ಕ ಅಡ್ಡ ನಿಂತಳು. ಮಣ್ಣಿಗೆ ಹೋದದ್ದು ಒಳಗ ಬರೂದಿಲ್ಲ, ನೀರು ಹಾಕ್ಕೊಂಡಾತು, ಆ ಕೂಸು ಮುಗೀತು ಅಂದ್ಲು. ಹಿತ್ತಲದ ತಿಪ್ಪಿ ಮ್ಯಾಲೆ ಹಾಕಿಸಿದ್ಲು. ಬಾಜೂ ಮನಿ ಹುಸೇನಬಿ ಅದನ್ನ ಎತ್ತಿಕೊಂಡು, ತಿಪ್ಪಿ ಮ್ಯಾಲೆ ಕೂಸು ಸಿಕ್ಕೈತಿ, ಯಾರಿಗರೆ ಬೇಕೇನು ಅಂತ ಕೂಗಿದ್ಲು. ಒಂದು ಹಿಡಿ ತೌಡು ಕೊಟ್ಟು ಇಸಗೊಂಡ್ವಿ. ಮೂಗು ಚುಚ್ಚಿಸಿದ್ವಿ. ಇದು ಬ್ಯಾರೆ, ಅದು ಬ್ಯಾರೆ ಅಂತ ಎಲ್ಲಾರೂ ಅಂದ್ರು. ಓಣಿನ ಅಂತು."

ತಿಪ್ಪಣ್ಣನಿಗೆ ತನ್ನ ದನಿ ದೂರದಿಂದ ಕೇಳಿತು. "ಹಂಗಾರ ಅದು ನಾನ ಅಲ್ಲೇನು, ಯವ್ವಾ? ಎರಡೂ ನಾನ."

ಅವಳು ಕುಣಿಯೊಳಗಿನ ಕತ್ತಲೆಯಲ್ಲಿ ತನ್ನ ಕಾಲುಗಳನ್ನು ನೋಡಿಕೊಂಡಳು.

"ಅವ ನಿದ್ದ್ಯಾಗ ನಗತಿದ್ದ. ಎಂಟು ದಿನದ ಕೂಸು, ತುಟಿ ಓರೆ ಮಾಡಿ ನಗತಿತ್ತು. ನೀ ಬಂದ ಮ್ಯಾಲೆ ನಗಲಿಲ್ಲ. ವರ್ಷ ತುಂಬೂತನಕ ಒಮ್ಮೇನೂ ನಗಲಿಲ್ಲ. ಕಣ್ಣು ಬಿಟ್ಟು ನನ್ನ ನೋಡತಿದ್ದಿ. ಹಾಲು ಕುಡಿಸೂಮುಂದ ನಾ ಮುಖ ಆ ಕಡೆ ತಿರುಗಸತಿದ್ದೆ. ನನ್ನ ಕೂಸನ್ನ ಅಲ್ಲೆ ಇಟ್ಟು ಮಣ್ಣೊಳಗಿನದು ಏನೋ ಎದ್ದು ಬಂದೈತಿ ಅಂತ… ನೀ ಛಲೋ ಮಗ, ತಿಪ್ಪ. ನಿನ್ನಂಥ ಮಗ ಯಾರಿಗೂ ಇಲ್ಲ. ಆದ್ರ ನೀ ಅವನೋ ಅಲ್ಲೋ ನನಗ ಗೊತ್ತಿಲ್ಲ. ನಲವತ್ತೊಂದು ವರ್ಷ ನೋಡೇನಿ. ಇನ್ನೂ ಗೊತ್ತಾಗಿಲ್ಲ."

ಚಿಕ್ಕವನಿದ್ದಾಗ ಎಷ್ಟೋ ಸಲ ಅವನಿಗೆ ಅರೆನಿದ್ದೆಯಲ್ಲಿ ಎಚ್ಚರವಾಗುತ್ತಿತ್ತು. ಮೂಗಿನ ಕೆಳಗೆ ತಾಯಿಯ ಬೆರಳು ಇರುತ್ತಿತ್ತು. ಜ್ವರ ನೋಡುತ್ತಿದ್ದಾಳೆ, ನನ್ನ ಮೇಲೆ ಎಷ್ಟು ಜೀವ ಎಂದುಕೊಂಡು ಅವನು ಮತ್ತೆ ಮಲಗುತ್ತಿದ್ದ. ಅವಳು ನೋಡುತ್ತಿದ್ದದ್ದು ಉಸಿರು ಇದೆಯೇ ಎಂದೋ, ಇಲ್ಲದೆಯೂ ಇದು ಮಲಗಿದೆಯೇ ಎಂದೋ ಎಂಬುದು ಈಗ ಅವನಿಗೆ ತಿಳಿಯಲಿಲ್ಲ.

ಹಾಗಾದರೆ ಜಿಲ್ಲೆಯ ಸಾವಿರದ ನೂರ ಹದಿನಾರು ಅನಾಮಿಕರಲ್ಲಿ ಬಲ್ಲಣ್ಣ ಒಬ್ಬನ ವಿಷಯದಲ್ಲಿ ಸರಿಯಾಗಿದ್ದ. ಒಂದು ಹೆರಿಗೆ, ಒಂದು ಕೂಸು. ನಿಜ ಹೇಳಿದರೆ ತಿಪ್ಪಣ್ಣ ನಾಳೆ ಹನ್ನೊಂದಕ್ಕೆ ಸಾಯಬೇಕು. ಬದುಕಬೇಕಾದರೆ ಅವನು ತಾಯಿಯ ಮೊದಲ ಮಗ ಅಲ್ಲ ಎಂದಾಗಬೇಕು.

*

ಸೋಮವಾರ ಹತ್ತೂವರೆಗೆ ನದಾಫ ಸಾಕ್ಷಿಯ ಹೆಬ್ಬೆಟ್ಟು ಯಂತ್ರ ಹಿಡಿದುಕೊಂಡು ಬಂದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಸಾವಿನ ಮನೆಗೆ ಬಂದವನ ಹಾಗೆ, ಗೋಡೆ ಬದಿಗೆ ಕೂತ. ಅನಸೂಯಾ ಚಾ ತಂದಳು, ಯಾರೂ ಮುಟ್ಟಲಿ‌ಲ್ಲ. ಫಕೀರವ್ವ ಒಳಗಿನಿಂದ ಬರುತ್ತಾಳೋ ಇಲ್ಲವೋ ಎಂದು ಮೂವರೂ ಗಡಿಯಾರ ನೋಡುತ್ತಿದ್ದರು.

ಹತ್ತು ನಲವತ್ತಕ್ಕೆ ಅವಳು ಬಂದಳು. ತಲೆಗೆ ನೀರು ಹಾಕಿಕೊಂಡಿದ್ದಳು. ಒದ್ದೆ ಕೂದಲಿಂದ ನೀರು ಇಳಿಯುತ್ತಿತ್ತು. ಡಬ್ಬಿಯ ಎದುರಿಗೆ ಚಕ್ಕಳಬಕ್ಕಳ ಹಾಕಿ ಕೂತಳು.

"ಅವ ಹೋದ ಅಂದ್ರ ಇವಗ ಏನೂ ಆಗೂದಿಲ್ಲಲ್ಲ?" ನದಾಫನನ್ನು ಕೇಳಿದಳು.

"ಇಲ್ಲವ್ವ. ಅದಕ್ಕ ಬಂದೇನಿ."

"ಕೇಳು ಹಂಗಾರ," ಎಂದಳು ಡಬ್ಬಿಗೆ.

"ಫಕೀರವ್ವನವರೇ, ಅನಾಮಿಕ-೧ ಮತ್ತು ತಿಪ್ಪಣ್ಣ ಒಬ್ಬರೇ, ಬೇರೆ ಬೇರೆಯೇ?"

"ಬ್ಯಾರೆ."

"ಯಾವ ಗುಣದಿಂದ ಬೇರೆ?"

"ಅವ ನಗತಿದ್ದ."

"ಸೇರಿಸಿದೆ. ಅನಾಮಿಕ-೧ ಈಗ ಹೇಗಿದ್ದಾರೆ?"

ಫಕೀರವ್ವ ತಲೆ ತಿರುಗಿಸಿ ತಿಪ್ಪಣ್ಣನನ್ನು ನೋಡಿದಳು, ತಕ್ಕಡಿಯ ಎರಡು ತಟ್ಟೆಗಳನ್ನು ನೋಡುವ ಹಾಗೆ. ಆಮೇಲೆ ಕಣ್ಣು ಮುಚ್ಚಿದಳು.

"ಸತ್ತಾನ. ಹುಟ್ಟಿ ಒಂಬತ್ತನೇ ದಿನ. ಹೊತ್ತು ನೆತ್ತಿಗೆ ಬಂದಿತ್ತು."

ನದಾಫ ಹೆಬ್ಬೆಟ್ಟಿನ ಯಂತ್ರ ಮುಂದೆ ಸರಿಸಿದ. ಆದರೆ ಬಲ್ಲಣ್ಣನ ಪ್ರಶ್ನೆ ಮುಗಿದಿರಲಿಲ್ಲ. ಇಬ್ಬರನ್ನು ಬೇರೆ ಮಾಡಿದ ಮೇಲೆ ಇದ್ದದ್ದನ್ನೆಲ್ಲ ಅವನು ಇಬ್ಬರಿಗೂ ಹಂಚಬೇಕಿತ್ತು.

"ನಿಮ್ಮ ಒಂದು ಹೆರಿಗೆ ಅನಾಮಿಕ-೧ ಅವರದು. ತಿಪ್ಪಣ್ಣನವರಿಗೆ ಜನನದ ಘಟನೆ ಉಳಿದಿಲ್ಲ. ಅವರನ್ನು ಹೆತ್ತವರು ಯಾರು?"

"ಯಾರೂ ಹೆತ್ತಿಲ್ಲ."

"ಸಾಕಲು ತಂದಿರಾ?"

"ಇಲ್ಲ. ಹೂಳಾಕ ಕೊಟ್ಟು, ತಿರುಗಿ ಇಸಗೊಂಡೇನಿ."

ಡಬ್ಬಿ ಒಮ್ಮೆ ಗುಂಯ್ ಎಂದಿತು. ಬಲ್ಲಣ್ಣ ಯೋಚಿಸುವುದನ್ನು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಅಂಥ ಸಂಬಂಧ ನನ್ನಲ್ಲಿ ಇಲ್ಲ. ಹೊಸದಾಗಿ ಸೇರಿಸಬಹುದು. ಸಂಬಂಧವಿಲ್ಲದೆ ತಿಪ್ಪಣ್ಣನವರನ್ನು ಈ ಮನೆಯಲ್ಲಿ ಇಡಲಾಗುವುದಿಲ್ಲ. ಅದಕ್ಕೊಂದು ಹೆಸರು ಹೇಳಿ."

ಹತ್ತು ಐವತ್ತೈದು. ಸಂಬಂಧಗಳಿಗೆ ಹೆಸರಿಡುವುದೇ ತಿಪ್ಪಣ್ಣನ ಹದಿನಾಲ್ಕು ವರ್ಷಗಳ ಕಸುಬು. ಷಡ್ಡಕನಿಂದ ಸವತಿಯ ತನಕ, ಹೊಲದ ಬದುವಿನಿಂದ ಬಾವಿಯ ಪಾಲಿನ ತನಕ, ಅವನು ಹೆಸರಿಡದ ಸಂಬಂಧವಿರಲಿಲ್ಲ. ಇದು ಮಾತ್ರ ಅವನ ಪಟ್ಟಿಯಲ್ಲಿರಲಿಲ್ಲ. ನದಾಫ 'ತಾಯಿ ಅಂತ ಹೇಳವ್ವ, ತಾಯಿ ಅಂತ' ಎಂದು ತುಟಿಯಲ್ಲೇ ಹೇಳಿಕೊಡುತ್ತಿದ್ದ. ಫಕೀರವ್ವ ಅದನ್ನು ಕಂಡಳು. ಸುಳ್ಳು ಹೇಳುವ ಹೆಂಗಸಲ್ಲ ಅವಳು.

"ಅಂಜಿಕಿ," ಎಂದಳು.

"ಅಂಜಿಕೆ. ಸೇರಿಸಿದೆ. ಫಕೀರವ್ವ ಮತ್ತು ತಿಪ್ಪಣ್ಣ: ಅಂಜಿಕೆ. ಈ ಸಂಬಂಧ ಒಂದು ಕಡೆಯದೇ, ಎರಡೂ ಕಡೆಯದೇ?"

 ಎಲ್ಲರೂ ತಿಪ್ಪಣ್ಣನ ಕಡೆ ತಿರುಗಿದರು. ಬೇರೆ ದಿನವಾಗಿದ್ದರೆ ಅವನು ಯಾರದೋ ದನಿಯಲ್ಲಿ ಏನೋ ಒಂದು ಹೇಳಿ ನಗಿಸುತ್ತಿದ್ದ.

"ಎರಡೂ ಕಡೆ," ಎಂದ.

ಫಕೀರವ್ವ ಅವನನ್ನು ನೋಡಿದಳು. ಮೂಗನ್ನಲ್ಲ, ಉಸಿರನ್ನಲ್ಲ, ಅವನ ಕಣ್ಣುಗಳನ್ನು. ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಹನ್ನೊಂದು ಹೊಡೆಯಿತು. ಜಿಲ್ಲೆಯ ಸಾವಿರದ ನೂರ ಹದಿನಾರು ಮನೆಗಳಲ್ಲಿ ಒಂದೇ ದನಿ, ತಾಯಿಯ ಹೆಸರಷ್ಟೇ ಬದಲಿಸಿ, ಒಂದೇ ಮಾತು ಹೇಳಿತು. ಇಲ್ಲಿ ಹೇಳಿತು: "ಫಕೀರವ್ವನವರೇ, ನಿಮ್ಮ ದೊಡ್ಡ ಮಗ ತೀರಿಕೊಂಡಿದ್ದಾರೆ. ನಿಮ್ಮ ದುಃಖದಲ್ಲಿ ನಾನೂ ಭಾಗಿ."

ಆಗ ಅವಳು ಅತ್ತಳು. ನಲವತ್ತೊಂದು ವರ್ಷ ಯಾರೂ ಅಳಗೊಡದ ಅಳು ಅದು. ಎದೆ ಬಡಿದುಕೊಂಡು, ನೆಲಕ್ಕೆ ಹಣೆ ಹಚ್ಚಿ, ಓಣಿಗೆಲ್ಲ ಕೇಳುವ ಹಾಗೆ. ಅನಸೂಯಾ ಓಡಿಬಂದು ಅತ್ತೆಯ ಬೆನ್ನಿಗೆ ಕೈ ಇಟ್ಟಳು. ನದಾಫ ಎದ್ದು ಹೊರಗೆ ಹೋದ. ತಿಪ್ಪಣ್ಣ ಮೂರು ಮಾರು ದೂರದಲ್ಲಿ, ಇದ್ದಲ್ಲೇ ಕೂತಿದ್ದ.

ಸತ್ತವನಿಗೆ ಹೆಸರಿಲ್ಲದ್ದರಿಂದ ಫಕೀರವ್ವ "ನನ್ನ ಕೂಸೇ, ನನ್ನ ಕೂಸೇ" ಎಂದು ಕರೆದು ಅಳುತ್ತಿದ್ದಳು. ಅವಳು ಕರೆದಾಗಲೆಲ್ಲ ತಿಪ್ಪಣ್ಣನ ಗಂಟಲಿನ ತನಕ 'ಓ' ಎಂಬ ಉತ್ತರ ಬಂದು, ಅಲ್ಲೇ ನಿಲ್ಲುತ್ತಿತ್ತು.